‘ಕೆಲಸದ ಅವಧಿ’ ಎಂಬ ಮಾತಿನ ಅರ್ಥ: ಕೆಲವು ತೀರ್ಪುಗಳ ವಿಮರ್ಶೆ

1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯ ಮೂರನೆಯ ಕಲಮು ಮಾಲೀಕನ ಹೊಣೆಯನ್ನು ಒಂದು ಮಾತಿಗೆ ಕಟ್ಟಿಹಾಕಿತ್ತು: ಅಪಘಾತವು ಕೆಲಸದಿಂದ ಹುಟ್ಟಿದುದಾಗಿರಬೇಕು, ಕೆಲಸದ ಅವಧಿಯಲ್ಲಿ ನಡೆದಿರಬೇಕು. ಇಂಗ್ಲೆಂಡಿನ 1897ರ ಶಾಸನದಿಂದ ಬಂದ ಮಾತಿದು. ಯಂತ್ರಕ್ಕೆ ಕೈ ಸಿಕ್ಕಿದವನ ವಿಷಯದಲ್ಲಿ ಇದರ ಅರ್ಥಕ್ಕೆ ತೊಡಕಿಲ್ಲ. ಆದರೆ ಆ ಯಂತ್ರದ ಬಳಿಗೆಂದು ಹೊರಟವನು ದಾರಿಯಲ್ಲಿಯೇ ಬಿದ್ದರೆ? ಈ ಪ್ರಶ್ನೆಗೆ 1958ರಿಂದ 2025ರವರೆಗೆ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಕೆಲವು ಉತ್ತರಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹಾಸನ ಜಿಲ್ಲೆಯವರಿಗೆ ಇದು ಬರಿಯ ಶಬ್ದಾರ್ಥದ ಚರ್ಚೆಯಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಬಯಲು ಸೀಮೆಯ ಊರುಗಳಿಂದ ಸಕಲೇಶಪುರ, ಬೇಲೂರು ಕಡೆಯ ತೋಟಗಳಿಗೆ ಕೂಲಿಯವರು ಜೀಪು, ಪಿಕಪ್ ವಾಹನಗಳಲ್ಲಿ ಬೆಳಗಾಗುವ ಮುನ್ನವೇ ಹೊರಡುತ್ತಾರೆ. ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ದಿನವೂ ಬಂದು ಹೋಗುತ್ತಾರೆ. ಇವರ ದುಡಿಮೆಯ ದಿನದಲ್ಲಿ ದಾರಿಯ ಪಾಲು ದೊಡ್ಡದು. ಅಪಾಯದ ಪಾಲೂ ಅಲ್ಲಿಯೇ ಹೆಚ್ಚು.

1958ರಲ್ಲಿ ತೀರ್ಮಾನವಾದ ಸೌರಾಷ್ಟ್ರ ಉಪ್ಪಿನ ಕಾರ್ಖಾನೆಯ ಮೊಕದ್ದಮೆಯನ್ನು ಮೊದಲು ನೋಡಬಹುದು. ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಕಾರ್ಮಿಕರ ದೋಣಿ ಕಡಲ ಹಿನ್ನೀರಿನಲ್ಲಿ ಮಗುಚಿ ಸಾವುಗಳು ಸಂಭವಿಸಿದುವು. ಕೆಲಸದ ಸ್ಥಳದ ಎಲ್ಲೆಯನ್ನು ಕಾಲದೇಶಗಳಲ್ಲಿ ತುಸು ವಿಸ್ತರಿಸಿ ನೋಡಬಹುದೆಂಬ ತತ್ತ್ವವನ್ನು ನ್ಯಾಯಾಲಯವು ಒಪ್ಪಿಕೊಂಡಿತು. ಆದರೆ ಆ ವಿಸ್ತರಣೆ ಹಿನ್ನೀರಿನವರೆಗೆ ಬಾರದೆಂದಿತು. ದೋಣಿಯು ಎಲ್ಲರೂ ಬಳಸುವ ದೋಣಿ. ಅದರಲ್ಲಿ ಕುಳಿತ ಕಾರ್ಮಿಕನು ಇತರ ಪ್ರಯಾಣಿಕರಂತೆ ಒಬ್ಬ ಪ್ರಯಾಣಿಕ. ಪರಿಹಾರ ದೊರೆಯಲಿಲ್ಲ.

ಐದು ವರ್ಷಗಳ ಬಳಿಕ, 1963ರಲ್ಲಿ, ಮುಂಬಯಿಯ ಬೆಸ್ಟ್ ಸಾರಿಗೆ ಸಂಸ್ಥೆಯ ಮೊಕದ್ದಮೆಯಲ್ಲಿ ಉತ್ತರ ಬದಲಾಯಿತು. ಪಾಳಿ ಮುಗಿಸಿದ ಚಾಲಕನೊಬ್ಬನು ಅದೇ ಸಂಸ್ಥೆಯ ಇನ್ನೊಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಅಪಘಾತದಲ್ಲಿ ಮಡಿದನು. ಚಾಲಕರು ಸಂಸ್ಥೆಯ ಬಸ್ಸುಗಳಲ್ಲಿ ಓಡಾಡುವುದು ಸೇವೆಯ ದಕ್ಷತೆಗೇ ಅಗತ್ಯವಾದುದು, ನಗರದ ಬಸ್ಸುಗಳೆಲ್ಲವೂ ಒಂದೇ ಸೇವೆಯ ಅಂಗಗಳು ಎಂದು ನ್ಯಾಯಮೂರ್ತಿ ಸುಬ್ಬರಾವ್ ಅವರು ವಿವೇಚಿಸಿ ಪರಿಹಾರವನ್ನು ಎತ್ತಿಹಿಡಿದರು. ಈ ತೀರ್ಪನ್ನು ಉದಾರವೆಂದು ಹೊಗಳುವುದು ವಾಡಿಕೆ. ಹೊಗಳಿಕೆ ತಪ್ಪಲ್ಲ. ಆದರೆ ಎರಡು ತೀರ್ಪುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಂದು ಸಂಗತಿ ಕಾಣದಿರದು: ದೋಣಿ ಮಾಲೀಕನದಲ್ಲ, ಪರಿಹಾರವಿಲ್ಲ, ಬಸ್ಸು ಮಾಲೀಕನದು, ಪರಿಹಾರವುಂಟು. ಕೆಲಸದ ಸ್ವರೂಪವನ್ನು ಅಳೆಯುತ್ತೇವೆಂದು ಹೊರಟ ನ್ಯಾಯಾಲಯ ಕೊನೆಗೆ ಅಳೆದದ್ದು ಸ್ವತ್ತಿನ ಒಡೆತನವನ್ನು.

ಕೇರಳದ ಕೊರಟ್ಟಿಯ ಪ್ರಕರಣ ಈ ಮಾತಿಗೆ ಇನ್ನಷ್ಟು ಪುಷ್ಟಿ ಕೊಡುತ್ತದೆ. 1971ರ ಜೂನ್ 26ರಂದು ಕಾರ್ಮಿಕನೊಬ್ಬನು ಬೈಸಿಕಲ್ಲಿನಲ್ಲಿ ಕಾರ್ಖಾನೆಗೆ ಹೊರಟಿದ್ದನು. ಪಾಳಿ ಸಂಜೆ 4.30ಕ್ಕೆ, ಅಪಘಾತ 4.15ಕ್ಕೆ, ಕಾರ್ಖಾನೆ ಒಂದು ಕಿಲೋಮೀಟರಿನಷ್ಟು ದೂರ. ಬಂದು ಬಡಿದ ಲಾರಿಯೂ ಅವನ ಮಾಲೀಕರದೇ. ನೌಕರರ ರಾಜ್ಯ ವಿಮಾ ಕಾಯಿದೆಯ ಮೇರೆಗೆ ಕೇರಳದ ಶ್ರೇಷ್ಠ ನ್ಯಾಯಾಲಯವು ಕಾರ್ಮಿಕನ ಪರವಾಗಿ ಹೇಳಿತ್ತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ರಸ್ತೆಯ ಅಪಘಾತ ಯಾರಿಗೆ ಎಲ್ಲಿ ಬೇಕಾದರೂ ಆದೀತು, ಅದು ಕೆಲಸದಿಂದ ಹುಟ್ಟಿದ್ದಲ್ಲ ಎಂಬುದು ವಾದ. ಕಾಲು ಗಂಟೆಯ, ಒಂದು ಕಿಲೋಮೀಟರಿನ ಅಂತರವನ್ನು ದಾಟಲಾರದೆ ಇಪ್ಪತ್ತೈದು ವರ್ಷಗಳ ವ್ಯಾಜ್ಯ ಹೀಗೆ ಕೊನೆಗೊಂಡಿತು. ಪಾಳಿಯೇ ಇಲ್ಲದಿದ್ದಲ್ಲಿ ಆತನು ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಏಕಿರುತ್ತಿದ್ದನೆಂಬ ಪ್ರಶ್ನೆಗೆ ತೀರ್ಪಿನಲ್ಲಿ ತೃಪ್ತಿಕರವಾದ ಸಮಾಧಾನವಿಲ್ಲ.

ತಿದ್ದುಪಡಿ ಸಂಸತ್ತಿನಿಂದ ಬಂದಿತು. 2010ರಲ್ಲಿ ವಿಮಾ ಕಾಯಿದೆಗೆ 51-ಇ ಕಲಮು ಸೇರಿ, ಕಾಲ, ಸ್ಥಳ, ಸಂದರ್ಭಗಳಿಗೂ ಕೆಲಸಕ್ಕೂ ಸಂಬಂಧವಿದ್ದರೆ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಕೆಲಸದ ಅಪಘಾತವೇ ಎಂದಾಯಿತು. 1923ರ ಕಾಯಿದೆಗೆ ಇಂಥ ಕಲಮು ಸೇರಲಿಲ್ಲ. ಆ ಕೊರತೆಯನ್ನು 2025ರ ಜುಲೈ 29ರ ತೀರ್ಪು ತುಂಬಿತು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರನು 2003ರ ಏಪ್ರಿಲ್ 22ರಂದು, ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ಮೋಟಾರ್ ಸೈಕಲ್ಲಿನಲ್ಲಿ ಹೊರಟವನು, ಕಾರ್ಖಾನೆಗೆ ಸುಮಾರು ಐದು ಕಿಲೋಮೀಟರ್ ಇರುವಾಗ ಮಡಿದಿದ್ದನು. ಆಯುಕ್ತರು ಕೊಡಿಸಿದ್ದ 3,26,140 ರೂಪಾಯಿಯ ಪರಿಹಾರವನ್ನು ಶ್ರೇಷ್ಠ ನ್ಯಾಯಾಲಯ ರದ್ದುಮಾಡಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಸ್ಥಾಪಿಸಿತು. 51-ಇ ಕಲಮು ಹೊಸ ಹಕ್ಕನ್ನು ಸೃಜಿಸಿದ್ದಲ್ಲ, ಇದ್ದ ಅರ್ಥವನ್ನೇ ವಿಶದಪಡಿಸಿದ್ದು ಎಂಬುದು ತೀರ್ಪಿನ ಆಧಾರ. ತರ್ಕದೃಷ್ಟಿಯಿಂದ ಇದು ಸಡಿಲ: 1996ರ ಅರ್ಥವನ್ನು ಅಳಿಸಲೆಂದೇ ಬಂದ ಕಲಮನ್ನು ವಿಶದೀಕರಣವೆನ್ನುವುದು ಕಷ್ಟ. ಫಲ ಮಾತ್ರ ನ್ಯಾಯವಾದುದು. ಚನ್ನರಾಯಪಟ್ಟಣದ ಬಳಿಯ ಶ್ರೀನಿವಾಸಪುರದ ಸಕ್ಕರೆ ಕಾರ್ಖಾನೆಯನ್ನು ಬಲ್ಲವರಿಗೆ ಆ ಕಾವಲುಗಾರನ ದಾರಿ ಅಪರಿಚಿತವಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಇದೇ ನಿಯಮವನ್ನು ಪರಿಹಾರದ ಅಧ್ಯಾಯದಲ್ಲಿಯೂ ಬರೆದಿರುವುದರಿಂದ ಶಬ್ದಾರ್ಥದ ಆ ಜಗಳ ಮುಗಿಯಿತೆನ್ನಬಹುದು.

ಮುಗಿಯದಿರುವುದು ಬೇರೊಂದು. ನಿಗದಿಯಾದ ಪಾಳಿ, ಗೊತ್ತಾದ ಮಾಲೀಕ ಇವೆರಡೂ ಇದ್ದವನಿಗೆ ಈ ಪರೀಕ್ಷೆ ಒದಗುತ್ತದೆ. ಮೇಸ್ತ್ರಿಯ ಮೂಲಕ ದಿನಗೂಲಿಗೆ ತೋಟಕ್ಕೆ ಹೋಗುವವಳಿಗೆ? ಮೇಸ್ತ್ರಿಯ ಹಿಂದಿರುವ ತೋಟದ ಮಾಲೀಕನನ್ನು ಹೊಣೆಗಾರನನ್ನಾಗಿಸಲು 1923ರ ಕಾಯಿದೆಯಲ್ಲಿ ಹನ್ನೆರಡನೆಯ ಕಲಮಿತ್ತು. ಆದರೆ ಅಪಘಾತವು ಆ ಮಾಲೀಕನು ಕೆಲಸ ನಡೆಸುವ ಆವರಣದಲ್ಲಿಯೋ ಅದರ ಆಸುಪಾಸಿನಲ್ಲಿಯೋ ಅವನ ಹತೋಟಿಯಲ್ಲಿರುವ ಸ್ಥಳದಲ್ಲಿಯೋ ನಡೆದಿರದಿದ್ದರೆ ಈ ಹೊಣೆ ಅನ್ವಯಿಸದೆಂದು ಅದರ ನಾಲ್ಕನೆಯ ಉಪಕಲಮು ಹೇಳಿತು. ಮೂರನೆಯ ಕಲಮಿನಿಂದ ಹೊರಗೆ ಹೋದ ಒಡೆತನದ ಅಳತೆಗೋಲು ಹನ್ನೆರಡನೆಯದರಿಂದ ಒಳಗೆ ಬಂದಿತೆಂದು ಇದರ ಅರ್ಥ. ಘಾಟಿಯ ತಿರುವಿನಲ್ಲಿ ಪಿಕಪ್ ಉರುಳಿದರೆ ದಾರಿ ಕೆಲಸವೇ ಆದರೂ ಮಾಲೀಕನು ಮೇಸ್ತ್ರಿಯೊಬ್ಬನೇ. ಅವನ ಕೈಯಲ್ಲಿ ಕೊಡಲು ಏನಿದೆ? ವಾಹನದ ವಿಮೆಯನ್ನು ಕೇಳೋಣವೆಂದರೆ, ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಸುವವರಿಗೆ ವಿಮಾ ಸಂಸ್ಥೆ ಹೊಣೆಯಲ್ಲವೆಂದು 2002ರ ತೀರ್ಪೊಂದು ಸಾರಿದೆ. ಉಪ್ಪಿನ ಕಾರ್ಖಾನೆಯ ದೋಣಿಯಲ್ಲಿ ಕುಳಿತವರಂತೆ ಇವರೂ ಮತ್ತೆ ಬರಿಯ ಪ್ರಯಾಣಿಕರು. ದಾರಿಯನ್ನು ಕೆಲಸವೆಂದು ಒಪ್ಪಿದ 2025ರ ತೀರ್ಪು ಗುತ್ತಿಗೆಯ ಕೂಲಿಯವರ ಈ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ. ಅದರ ಮುಂದಿದ್ದ ಪ್ರಕರಣದಲ್ಲಿ ಅದಕ್ಕೆ ಎಡೆಯೂ ಇರಲಿಲ್ಲ.