ಗುಣವಾದ ಮೇಲಿನ ಕಾವೇರಿ

'ಶರಪಂಜರ' ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾವೇರಿಯ ಹುಚ್ಚು ಮತ್ತು ಕಲ್ಪನಾ ಅವರ ಅಭಿನಯ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಈ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಭಾಗವೇ ಬೇರೆ. ಬಾಣಂತಿತನದಲ್ಲಿ ಬುದ್ಧಿ ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳಲ್ಲ, ಅಲ್ಲಿಂದ ಮುಂದಿನದು.

ಡಾಕ್ಟರು ವಾಸಿಯಾಗಿದೆ ಎಂದಿದ್ದಾರೆ. ಸುತ್ತಲಿನವರು ನಂಬುವುದಿಲ್ಲ. ಅವಳ ನಗು, ಮೌನ, ಸಿಟ್ಟು ಎಲ್ಲವನ್ನೂ ತೂಗಿ ನೋಡುತ್ತಾರೆ. ನಮಗೆಲ್ಲ ಬರುವ ಸಿಟ್ಟು ಅವಳಿಗೆ ಬಂದರೆ ಅದು ಕಾಯಿಲೆಯ ಸೂಚನೆ!

ನನಗಿರುವುದು ಮನಸ್ಸಿನ ಕಾಯಿಲೆಯಲ್ಲ, ಕೀಲಿನದು. ರುಮಟಾಯ್ಡ್ ಆರ್ಥ್ರೈಟಿಸ್. ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. (ಇದರಲ್ಲಾದರೂ ನಮಗೆ ಮೀಸಲಾತಿ ಸಿಕ್ಕಿತಲ್ಲ.) ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತಪರೀಕ್ಷೆ. ಇಷ್ಟಾದರೂ ತಿಂಗಳುಗಟ್ಟಲೆ ಸುಮ್ಮನಿದ್ದದ್ದು ಒಂದು ಬೆಳಿಗ್ಗೆ ಏಳುತ್ತದೆ. ಆ ದಿನ ಅಕ್ಕಿ ರೊಟ್ಟಿ ತಟ್ಟುವುದಿರಲಿ, ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲೂ ಆಗದು. ಯಾವ ಬೆಳಿಗ್ಗೆ ಎಂದು ಡಾಕ್ಟರೂ ಹೇಳಲಾರರು.

ಮದುವೆಮನೆಯಲ್ಲಿ "ಈಗ ಪೂರ್ತಿ ವಾಸಿ ತಾನೆ ಅಕ್ಕ?" ಎನ್ನುತ್ತಾರೆ. ಹೌದು ಎಂದರೆ ಮುಂದಿನ ತಿಂಗಳು ಕುಂಟುವಾಗ ನಾನು ಸುಳ್ಳಿ. ಇಲ್ಲ ಎಂದರೆ ಗೊಣಗುವವಳು. ಜನರ ಕಣ್ಣನ್ನಾದರೂ ತಡೆದುಕೊಳ್ಳಬಹುದು. ಕಷ್ಟವೆಂದರೆ, ಆ ಕಣ್ಣು ನಿಧಾನವಾಗಿ ನಮ್ಮದೇ ಆಗಿಬಿಡುತ್ತದೆ. ದಿನಾ ಏಳುವ ಮೊದಲು ಹೊದಿಕೆಯೊಳಗೆ ಮುಷ್ಟಿ ಕಟ್ಟಿ ಬಿಚ್ಚಿ ನೋಡುತ್ತೇನೆ, ಇವತ್ತು ಹೇಗೆ ಎಂದು. ಕಾವೇರಿಯೂ ತನ್ನ ನಗುವನ್ನು ತಾನೇ ಹೀಗೆ ಪರೀಕ್ಷಿಸಿಕೊಂಡಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ಕಾಣಿಸಿದ ಕಥೆಯ ಮುಕ್ತಾಯದ ಬಗ್ಗೆ ಮಾತ್ರ ನನ್ನ ತಕರಾರಿದೆ. ಗಂಡನ ಪರಸ್ತ್ರೀ ಸಂಬಂಧ ತಿಳಿದು ಕಾವೇರಿ ಮತ್ತೆ ಮತಿ ಕಳೆದುಕೊಳ್ಳುತ್ತಾಳೆ. ಗುಣವಾದವಳನ್ನು ಮನೆಯೇ ಕೆಡಿಸಿತು ಎಂದು ಆ ಕಾಲದಲ್ಲಿ ಹೇಳಿದ್ದು ಸಣ್ಣ ಧೈರ್ಯವಲ್ಲ, ಒಪ್ಪಿದೆ. ಆದರೆ ಕಾಯಿಲೆ ಮರುಕಳಿಸಿದ್ದಕ್ಕೆ ಅಲ್ಲಿ ಒಬ್ಬ ಅಪರಾಧಿ ಸಿಗುತ್ತಾನೆ. ನಮಗೆ ಹಾಗೆ ಯಾರೂ ಸಿಗುವುದಿಲ್ಲ. ಆಗ ನಮ್ಮನ್ನೇ ಹಿಡಿದು ಕೇಳುತ್ತೇವೆ: ಬದನೆಕಾಯಿ ತಿಂದೆನೇ, ತಣ್ಣೀರಲ್ಲಿ ಬಟ್ಟೆ ಒಗೆದೆನೇ, ಮೊನ್ನೆ ಕೂಗಾಡಿದ್ದು ಹೆಚ್ಚಾಯಿತೇ?

ಇನ್ನೊಂದು ಮಾತು. "ಅದು ಮತ್ತೆ ಬಂದೇ ಬರುತ್ತೆ, ನೋಡ್ತಿರಿ" ಎನ್ನುವವರ ಮಾತೇ ಕೊನೆಗೆ ನಿಜವಾಗುತ್ತದೆ. ಪ್ರೇಕ್ಷಕರೂ ಅತ್ತು ಹಗುರಾಗಿ ಮನೆಗೆ ಹೋಗುತ್ತಾರೆ. ಬರುತ್ತದೋ ಇಲ್ಲವೋ ಎಂಬ ಸಂಶಯ ಅಲ್ಲಿಗೆ ತೀರಿತು. ಅದು ತೀರದೆ ಉಳಿದಿದ್ದರೆ?

ಮನೆಗೆ ಬಂದು ಐದು ವರ್ಷವಾದ ಕಾವೇರಿಯ ಕಥೆ ನನಗೆ ಬೇಕು. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಮಗುವಿನ ಯೂನಿಫಾರಂ ಇಸ್ತ್ರಿಯಾಗಬೇಕು, ನಿನ್ನೆ ಯಾಕೋ ನಿದ್ದೆ ಬಂದಿಲ್ಲ. ಅದು ಬರಿಯ ನಿದ್ದೆಗೇಡೋ, ಇನ್ನೇನೋ ತಿಳಿಯದು. ಅಂಥದೊಂದು ಕಾದಂಬರಿ ನಿಮ್ಮ ಊರಿನ ಲೈಬ್ರರಿಯಲ್ಲಿ ಕಂಡರೆ ದಯವಿಟ್ಟು ಹೆಸರು ತಿಳಿಸಿ.