ಪದವೆಣಿಸುವ ಆಜ್ಞೆ: ಒಂದು ವಿಮರ್ಶೆ

ಯುನಿಕ್ಸ್ ವ್ಯವಸ್ಥೆಯಲ್ಲಿ ‘ಡಬ್ಲ್ಯುಸಿ’ ಎಂಬ ಎರಡಕ್ಷರದ ಆಜ್ಞೆಯೊಂದುಂಟು. ಟರ್ಮಿನಲ್ಲಿನಲ್ಲಿ ಅದನ್ನು ಬರೆದು, ಪಕ್ಕದಲ್ಲಿ ಫೈಲಿನ ಹೆಸರನ್ನು ಕೊಟ್ಟು ಎಂಟರ್ ಒತ್ತಿದೊಡನೆಯೇ ಅದು ಸಾಲುಗಳೆಷ್ಟು, ಪದಗಳೆಷ್ಟು, ಬೈಟುಗಳೆಷ್ಟು ಎಂಬ ಮೂರು ಸಂಖ್ಯೆಗಳನ್ನು ಒಂದೇ ಪಂಕ್ತಿಯಲ್ಲಿ ಮುದ್ರಿಸಿ, ಕೊನೆಗೆ ಫೈಲಿನ ಹೆಸರನ್ನು ಹೇಳಿ ವಿರಮಿಸುತ್ತದೆ. ಇಷ್ಟು ಅಲ್ಪವಾದುದನ್ನು ವಿಮರ್ಶೆಯ ಮುಂದೆ ತಂದು ನಿಲ್ಲಿಸುವುದು ಉಚಿತವೇ ಎಂದು ಯಾರಾದರೂ ಕೇಳಿಯಾರು. ಆದರೆ ಅರ್ಧ ಶತಮಾನಕ್ಕೂ ಮೀರಿ ಬಾಳಿ, ಇಂದಿಗೂ ಪ್ರತಿದಿನ ಬಳಕೆಯಲ್ಲಿರುವ ಉಪಕರಣವೊಂದು ‘ಪದ’ವೆಂದರೆ ಇದು, ‘ಸಾಲು’ ಎಂದರೆ ಇದು ಎಂದು ಮೌನವಾಗಿಯೇ ವಿಧಿಸುತ್ತಿರುವಾಗ, ಆ ವಿಧಿ ನಮಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬುದನ್ನು ಪರಿಶೀಲಿಸುವುದು ಕನ್ನಡದಲ್ಲಿ ಬರೆಯುವವರಿಗೆ ಅನಾವಶ್ಯಕವಾದ ಶ್ರಮವಲ್ಲ.

ಇದರ ಜನ್ಮಸ್ಥಾನ ಅಮೆರಿಕದ ಬೆಲ್ ಪ್ರಯೋಗಾಲಯ. 1971ರ ಯುನಿಕ್ಸ್‌ನ ಪ್ರಥಮ ಕೈಪಿಡಿಯಲ್ಲಿಯೇ ಇದರ ವಿವರಣೆ ದೊರೆಯುತ್ತದೆ. ಆ ಪ್ರಯೋಗಾಲಯದ ಪೇಟೆಂಟ್ ವಿಭಾಗದವರು ತಮ್ಮ ಅರ್ಜಿಗಳನ್ನು ಯಂತ್ರದ ಮೇಲೆ ಸಿದ್ಧಪಡಿಸಿಕೊಳ್ಳಲು ಯುನಿಕ್ಸನ್ನು ಬಳಸತೊಡಗಿದ ಕಾಲವದು. ಬರಹವನ್ನು ಪುಟಕ್ಕೆ ಹೊಂದಿಸುವುದಕ್ಕೆ ‘ರಾಫ್’ ಎಂಬ ಪ್ರೋಗ್ರಾಮು ಇದ್ದಿತು. ಆದಕಾರಣವೇ ಆದಿಯ ಡಬ್ಲ್ಯುಸಿಯು ಓದುಗನಿಗಾಗಿ ಬರೆದ ಸಾಲುಗಳನ್ನು ಬೇರೆಯಾಗಿಯೂ, ಚುಕ್ಕೆಯಿಂದ ಆರಂಭವಾಗಿ ರಾಫ್‌ಗೆ ಆದೇಶವೀಯುವ ಸಾಲುಗಳನ್ನು ಬೇರೆಯಾಗಿಯೂ ಎಣಿಸುತ್ತಿದ್ದಿತು. ಹೀಗೆ ಬರಹಗಾರರ ಪ್ರಯೋಜನಕ್ಕೆಂದು ಹುಟ್ಟಿದ ಆಜ್ಞೆಯು, ಅದೇ ಪ್ರಯೋಗಾಲಯದ ಡಗ್ ಮ್ಯಾಕಿಲ್‌ರಾಯ್ ಅವರ ಬಹುಕಾಲದ ಒತ್ತಾಯದ ಫಲವಾಗಿ 1973ರಲ್ಲಿ ಕೆನ್ ಥಾಂಪ್ಸನ್ ಅವರು ‘ಪೈಪ್’ ಸೌಕರ್ಯವನ್ನು ಅಳವಡಿಸಿದ ಬಳಿಕ, ತನ್ನ ಮೂಲೋದ್ದೇಶವನ್ನು ದಾಟಿ ವ್ಯಾಪಕವಾಯಿತು. ಒಂದು ಆಜ್ಞೆಯ ಫಲಿತಾಂಶವು ನೇರವಾಗಿ ಮತ್ತೊಂದಕ್ಕೆ ಹರಿಯುವಂತಾದುದರಿಂದ, ಯಂತ್ರದಲ್ಲಿ ಎಷ್ಟು ಮಂದಿ ಲಾಗಿನ್ ಆಗಿದ್ದಾರೆ, ದೋಷಸೂಚನೆಯ ಸಾಲುಗಳು ಲಾಗ್ ಫೈಲಿನಲ್ಲಿ ಎಷ್ಟಿವೆ ಎಂಬಂತಹ ಪ್ರಶ್ನೆಗಳೆಲ್ಲಕ್ಕೂ ಕೊನೆಯ ಉತ್ತರವನ್ನೀಯುವ ಕೆಲಸ ಇದಕ್ಕೆ ಒಪ್ಪಿತವಾಯಿತು.

ಇದರ ಪ್ರಧಾನ ಗುಣ ಸಂಯಮ. ಶೀರ್ಷಿಕೆಯಿಲ್ಲ, ಅಲಂಕಾರವಿಲ್ಲ, ವ್ಯಾಖ್ಯಾನವಿಲ್ಲ. ಹಲವು ಫೈಲುಗಳನ್ನು ಕೊಟ್ಟರೆ ಕಡೆಯಲ್ಲಿ ಒಟ್ಟು ಮೊತ್ತವನ್ನೂ ತಾನಾಗಿ ಕೂಡಿಸಿಕೊಡುತ್ತದೆ. ಸೇರು ಅಕ್ಕಿಯನ್ನು ಅಳೆಯುವುದೇ ಹೊರತು ಅದರ ರುಚಿಯನ್ನು ಹೇಳಲಾರದು. ಹೇಳುವೆನೆಂದು ಹೊರಟರೆ ಅಳತೆಯೂ ಕೆಟ್ಟೀತು. ಡಬ್ಲ್ಯುಸಿಯೂ ತನ್ನ ಮಿತಿಯೊಳಗೆ ನಿಂತಿರುವುದರಿಂದಲೇ ಅದರ ಮಾತಿಗೆ ಬೆಲೆಯಿದೆ.

ದೋಷಗಳಿಲ್ಲವೆಂದಲ್ಲ. ಪದಗಳನ್ನು ಮೊದಲು ಕೇಳಿ ಸಾಲುಗಳನ್ನು ಆಮೇಲೆ ಕೇಳಿದರೂ ಅದು ತನ್ನ ಪೂರ್ವನಿಶ್ಚಿತ ಕ್ರಮದಲ್ಲಿಯೇ ಉತ್ತರಿಸುತ್ತದೆ. ಕ್ರಮವನ್ನರಿಯದವನು ಒಂದನ್ನು ಮತ್ತೊಂದೆಂದು ತಿಳಿದಾನು. ಇದಕ್ಕಿಂತ ಸೂಕ್ಷ್ಮವಾದುದು ಸಾಲಿನ ವಿಚಾರ. ಅದು ವಾಸ್ತವವಾಗಿ ಎಣಿಸುವುದು ಸಾಲುಗಳನ್ನಲ್ಲ, ಸಾಲು ಮುಗಿಯಿತೆಂದು ಸೂಚಿಸುವ ಚಿಹ್ನೆಗಳನ್ನು. ಮೂರು ಸಾಲು ಬರೆದು, ಮೂರನೆಯದರ ತುದಿಯಲ್ಲಿ ಎಂಟರ್ ಒತ್ತದೆ ಉಳಿಸಿದ ಫೈಲಿಗೆ ಅದು ಎರಡೇ ಸಾಲೆಂದು ಹೇಳುತ್ತದೆ. ಒಂದು ಡೈರೆಕ್ಟರಿಯಲ್ಲಿ ಎಷ್ಟು ಫೈಲುಗಳಿವೆಯೆಂದು ತಿಳಿಯಲು ‘ಎಲ್‌ಎಸ್’ ಆಜ್ಞೆಯನ್ನು ಇದಕ್ಕೆ ಪೈಪಿನ ಮೂಲಕ ಜೋಡಿಸುವ ರೂಢಿಯಿದೆಯಷ್ಟೆ. ಯಾವುದಾದರೊಂದು ಫೈಲಿನ ಹೆಸರಿನ ನಡುವೆಯೇ ಸಾಲು ಮುರಿದಿದ್ದರೆ ಆ ಒಂದು ಫೈಲು ಎರಡಾಗಿ ಲೆಕ್ಕಕ್ಕೆ ಬರುತ್ತದೆ. ಇವು ಲೆಕ್ಕದ ತಪ್ಪುಗಳಲ್ಲ, ನಿರ್ವಚನದ ಪರಿಣಾಮಗಳು. ನಿರ್ವಚನವನ್ನು ಓದದವನ ಪಾಲಿಗೆ ಮಾತ್ರ ಎರಡೂ ಒಂದೇ.

ಕನ್ನಡದ ಬರಹವನ್ನು ಇದರ ಮುಂದಿಟ್ಟಾಗ ಪ್ರಶ್ನೆ ಇನ್ನಷ್ಟು ಗಹನವಾಗುತ್ತದೆ. ‘ಕನ್ನಡ’ ಎಂಬ ಹೆಸರನ್ನೇ, ಸಾಲಿನ ಕೊನೆಯ ಚಿಹ್ನೆಯನ್ನು ಸೇರಿಸದೆ, ಒಂದು ಫೈಲಿನಲ್ಲಿ ಬರೆದಿಡಿ. ಓದುವವನ ಕಣ್ಣಿಗೂ ಕಿವಿಗೂ ಅಲ್ಲಿರುವುದು ಮೂರು ಅಕ್ಷರ. ಬೈಟುಗಳನ್ನು ಕೇಳಿದರೆ ಆಜ್ಞೆಯು 15 ಎನ್ನುತ್ತದೆ. ಏಕೆಂದರೆ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಕ್ಯಾರೆಕ್ಟರುಗಳನ್ನು ಕೇಳಿದರೆ 5 ಎನ್ನುತ್ತದೆ; ಏಕೆಂದರೆ ಒತ್ತಕ್ಷರದೊಳಗಿನ ಎರಡು ನಕಾರಗಳನ್ನೂ ಅವುಗಳ ನಡುವಿನ ಹಲಂತಚಿಹ್ನೆಯನ್ನೂ ಅದು ಪ್ರತ್ಯೇಕವಾಗಿ ಗಣಿಸುತ್ತದೆ. ಲೊಕೇಲನ್ನು, ಅಂದರೆ ಭಾಷೆ-ಲಿಪಿಗಳ ಹೊಂದಿಕೆಯನ್ನು, ಸರಿಪಡಿಸದ ಯಂತ್ರದಲ್ಲಾದರೋ ಎರಡನೆಯ ಪ್ರಶ್ನೆಗೂ 15 ಎಂಬ ಉತ್ತರವೇ ಬಂದೀತು. ಮೂರು ಎಂಬ ಉತ್ತರವನ್ನು ಪಡೆಯಲು ಈ ಆಜ್ಞೆಯಲ್ಲಿ ಯಾವ ಮಾರ್ಗವೂ ಇಲ್ಲ. ಓಲೆಯ ಪ್ರತಿಗಳ ಕಾಲದಲ್ಲಿ 32 ಅಕ್ಷರಗಳನ್ನು ಒಂದು ‘ಗ್ರಂಥ’ವೆಂದು ಪರಿಗಣಿಸಿ ಕೃತಿಯ ಪ್ರಮಾಣವನ್ನು ನಿರ್ಣಯಿಸುವ ಪದ್ಧತಿ ನಮ್ಮ ದೇಶದಲ್ಲಿದ್ದಿತು, ಗದ್ಯಕ್ಕೂ ಪದ್ಯಕ್ಕೂ ಅದು ಸಮಾನವಾಗಿ ಸಲ್ಲುತ್ತಿದ್ದಿತು. ಆ ಕಾಲದ ಲಿಪಿಕಾರನಿಗೆ ಸುಲಭಸಾಧ್ಯವಾಗಿದ್ದ ಎಣಿಕೆ ಈ ಆಜ್ಞೆಗೆ ಅಸಾಧ್ಯವೆಂಬುದು ನಮ್ಮ ದೃಷ್ಟಿಯಿಂದ ಇದರ ನಿಜವಾದ ಕೊರತೆ.

ಪದಗಳ ಎಣಿಕೆ ಅಂತರಗಳ ಎಣಿಕೆಯಾಗಿರುವುದರಿಂದ ಅಲ್ಲಿಯೂ ಎಚ್ಚರ ಅಗತ್ಯ. ‘ಮನೆಯಲ್ಲಿ ಇರುವವರು ಎಲ್ಲರೂ ಊಟಕ್ಕೆ ಬಂದರು’ ಎಂದು ಬಿಡಿಸಿ ಬರೆದರೆ ಐದು ಪದ. ‘ಮನೆಯಲ್ಲಿರುವವರೆಲ್ಲರೂ ಊಟಕ್ಕೆ ಬಂದರು’ ಎಂದು ಸಂಧಿ ಮಾಡಿ ಬರೆದರೆ ಮೂರೇ. ಅರ್ಥ ಒಂದೇ, ಉಚ್ಚರಿಸುವ ಕಾಲವೂ ಹೆಚ್ಚುಕಡಮೆ ಒಂದೇ. ಆದರೂ ಪದಕ್ಕಿಷ್ಟು ಎಂದು ಸಂಭಾವನೆ ಕೊಡುವೆಡೆಯಲ್ಲಿ ಸಂಧಿಯನ್ನು ಪಾಲಿಸಿದ ಲೇಖಕನಿಗೆ ನಷ್ಟ, ಬಿಡಿಸಿದವನಿಗೆ ಲಾಭ. ಪ್ರತ್ಯಯಗಳು ಪ್ರಕೃತಿಗೆ ಅಂಟಿಕೊಂಡೇ ಬರುವ ಭಾಷೆಯ ಲೇಖನವನ್ನೂ, ವಿಭಕ್ತಿಯ ಕೆಲಸವನ್ನು ಬಿಡಿಪದಗಳಿಂದ ಮಾಡಿಸುವ ಇಂಗ್ಲಿಷಿನ ಲೇಖನವನ್ನೂ ಒಂದೇ ಪದಸಂಖ್ಯೆಯ ಮಿತಿಗೆ ಒಳಪಡಿಸುವುದು ಇನ್ನೂ ದೊಡ್ಡ ಅನ್ಯಾಯ. ಈ ಅನ್ಯಾಯಕ್ಕೆ ಆಜ್ಞೆಯನ್ನು ಹೊಣೆಮಾಡುವಂತಿಲ್ಲ. ಅದು ತನ್ನ ನಿರ್ವಚನಕ್ಕೆ ನಿಷ್ಠವಾಗಿದೆ. ಆ ಸಂಖ್ಯೆಯನ್ನು ಪರಾಮರ್ಶೆಯಿಲ್ಲದೆ ಬರಹದ ಪ್ರಮಾಣವೆಂದೂ, ಒಮ್ಮೊಮ್ಮೆ ಶ್ರಮದ ಪ್ರಮಾಣವೆಂದೂ ಅಂಗೀಕರಿಸಿದವರು ನಾವು. ಪ್ರೋಗ್ರಾಮಿನ ಸಾಲುಗಳನ್ನೆಣಿಸಿ ಅದನ್ನು ಬರೆದವನ ಸಾಮರ್ಥ್ಯವನ್ನು ತೂಗುವವರಿಗೂ ಈ ಮಾತು ಅನ್ವಯಿಸುತ್ತದೆ.

ಒಟ್ಟಿನಲ್ಲಿ, ಸಾಲುಗಳ ಎಣಿಕೆಗೆ ಡಬ್ಲ್ಯುಸಿಯು ಸರ್ವಥಾ ವಿಶ್ವಾಸಾರ್ಹ, ಕೊನೆಯ ಸಾಲನ್ನು ಮುಗಿಸುವ ಶಿಸ್ತು ನಮ್ಮಲ್ಲಿದ್ದರೆ. ಪದಗಳ ಎಣಿಕೆಯನ್ನು ಒಬ್ಬನೇ ಲೇಖಕನ ಎರಡು ಕನ್ನಡ ಬರಹಗಳನ್ನು ಹೋಲಿಸುವಷ್ಟಕ್ಕೆ ನಂಬಬಹುದು. ಅಕ್ಷರಗಳ ಎಣಿಕೆಗೆ ಅದನ್ನು ಆಶ್ರಯಿಸಲಾಗದು. ಕನ್ನಡದ ಸಂಪಾದಕರೂ ಪ್ರಕಾಶಕರೂ ಲೇಖನದ ಮಿತಿಯನ್ನು ಗೊತ್ತುಪಡಿಸುವಾಗ ಪದದ ಬದಲಾಗಿ ಅಕ್ಷರವನ್ನು ಮಾನವಾಗಿ ಸ್ವೀಕರಿಸಲಿ. ಪ್ರೋಗ್ರಾಮ್ ಬರೆಯಬಲ್ಲ ಕನ್ನಡಿಗರು ಒತ್ತಕ್ಷರವನ್ನು ಒಂದೆಂದೇ ಎಣಿಸುವ, ಇಷ್ಟೇ ಮಿತಭಾಷಿಯಾದ ಆಜ್ಞೆಯೊಂದನ್ನು ರಚಿಸಿ ಅವರ ಕೈಗೆ ಕೊಡಲಿ.