ಬೂತಾಯಿಯ ಕೊಬ್ಬು, ಪುಳಿಮುಂಚಿಯ ಮಡಕೆ

ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ, ನವೆಂಬರಿನ ತನಕ ಕರಾವಳಿಯಲ್ಲಿ ಸಿಗುವ ಬೂತಾಯಿಗೆ ಸಾಟಿಯಾದ ಮೀನು ನನ್ನ ಮಟ್ಟಿಗೆ ಇನ್ನೊಂದಿಲ್ಲ. ಕುಂದಾಪುರದವರ ಬೈಗೆ, ಕಾರವಾರದವರ ತಾರ್ಲೆ ಇದೇ. ಮಳೆಗಾಲದಲ್ಲಿ ಕಡಲಿನ ಆಳದ ತಣ್ಣೀರು ಮೇಲೆದ್ದು ಬಂದು ಸೂಕ್ಷ್ಮ ಪಾಚಿ ಹುಲುಸಾಗುತ್ತದೆ. ಅದನ್ನು ಮೇಯ್ದ ಬೂತಾಯಿ ಕೊಬ್ಬುತ್ತದೆ. ಕೆಂಡದ ಮೇಲಿಟ್ಟರೆ ಎಣ್ಣೆ ತೊಟ್ಟಿಕ್ಕುತ್ತದೆ. ಹಿಂದೆ ಈ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು, ಹೆಚ್ಚಾದ ಮೀನು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

ಉರಿಯೂತ ತಗ್ಗಿಸುವ ಊಟ ಯಾವುದು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಎಣ್ಣೆಯನ್ನೇ. ಗಾಯವಾದ ಬೆರಳು ಕೆಂಪಗಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದಲ್ಲ, ಅದು ಉರಿಯೂತ. ಗಾಯ ಮಾಯುತ್ತಲೇ ಅದು ಇಳಿಯಬೇಕು. ಇಳಿಯದೆ ವರ್ಷಗಟ್ಟಲೆ ಒಳಗೊಳಗೇ ಉಳಿದುಬಿಟ್ಟರೆ ರಕ್ತನಾಳಗಳು ಕೆಡುತ್ತವೆ. ಹೊಟ್ಟೆಯ ಬೊಜ್ಜು, ಬೀಡಿ-ಸಿಗರೇಟು, ವಸಡಿನ ರೋಗ ಇವೆಲ್ಲ ಅದಕ್ಕೆ ಇಂಬು ಕೊಡುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ ಎಂಬ ಪ್ರೋಟೀನು ಹೇಳುತ್ತದೆ. ಅದರ ಸೂಕ್ಷ್ಮ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು ಎಂಬುದು ವೈದ್ಯರ ಲೆಕ್ಕ.

ನಮ್ಮ ಜೀವಕೋಶಗಳ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿದೆ. ನೋವು, ಊತ ಏರಿಸುವ ಪ್ರೊಸ್ಟಗ್ಲಾಂಡಿನ್‌ಗಳು ಹುಟ್ಟುವುದು ಅದರಿಂದ. ಆಸ್ಪಿರಿನ್ ತಡೆಯುವುದು ಇದನ್ನೇ ಎಂದು ತೋರಿಸಿದ ಜಾನ್ ವೇನ್ 1982ರ ನೊಬೆಲ್ ಹಂಚಿಕೊಂಡರು. ಬೂತಾಯಿ, ಬಂಗುಡೆಗಳ ಒಮೇಗಾ-3 ಕೊಬ್ಬು ಪೊರೆಯೊಳಗೆ ಸೇರಿ ಆ ಆಮ್ಲದ ಜಾಗವನ್ನು ಒಂದಿಷ್ಟು ಆಕ್ರಮಿಸುತ್ತದೆ. ಅಷ್ಟೇ ಅಲ್ಲ, ಉರಿಯೂತವನ್ನು ಮುಗಿಸುವ ರಿಸಾಲ್ವಿನ್ ಎಂಬ ಅಣುಗಳೂ ಇದೇ ಕೊಬ್ಬಿನಿಂದ ತಯಾರಾಗುತ್ತವೆ ಎಂದು ಹಾರ್ವರ್ಡಿನ ಚಾರ್ಲ್ಸ್ ಸೆರ್ಹಾನ್ ಅವರ ತಂಡ ಕಂಡುಕೊಂಡಿತು.

ಹಾಗಾದರೆ ಮೀನೆಣ್ಣೆಯ ಗುಳಿಗೆ ನುಂಗಿದರೆ ಸಾಲದೇ? ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ‘ವೈಟಲ್’ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೆ 1 ಗ್ರಾಂ ಗುಳಿಗೆಯಿಂದ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವುಗಳ ಒಟ್ಟು ಲೆಕ್ಕ ಗಮನಾರ್ಹವಾಗಿ ತಗ್ಗಲಿಲ್ಲ. ಸಂಧಿವಾತದವರಿಗೆ ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಬೆಳಗಿನ ಕೀಲುಬಿಗಿತ ಕಡಿಮೆಯಾದದ್ದುಂಟು, ಆದರೆ ಅದನ್ನು ವೈದ್ಯರೇ ನಿರ್ಧರಿಸಬೇಕು. ಮನೆಯಲ್ಲಿ ಮೀನು ಬೇಯಿಸಿದ ದಿನ ತಟ್ಟೆಯಿಂದ ಕರಿದ ತಿಂಡಿಯೋ ಕೊಬ್ಬಿನ ಮಾಂಸವೋ ಹೊರಗುಳಿಯುತ್ತದೆ. ಆ ಲಾಭ ಗುಳಿಗೆಯಲ್ಲಿಲ್ಲ.

ಅರಿಶಿನದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ 20 ಮಿಲಿಗ್ರಾಂ ಸತ್ವ ಕೊಟ್ಟಾಗ ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. 2 ಗ್ರಾಂ ಬೇಕೆಂದರೆ 60 ಗ್ರಾಂಗೂ ಮೀರಿ ಪುಡಿ ತಿನ್ನಬೇಕು. ಮಸಾಲೆಯಲ್ಲಿ ಅರಿಶಿನ ಇರಲಿ, ಅದನ್ನೇ ಮದ್ದೆಂದು ನಂಬಿ ಕೂರಬೇಡಿ.

ಬೂತಾಯಿ ಕೊಳ್ಳುವಾಗ ಕಿವಿರು ಕೆಂಪಗಿರಬೇಕು, ಹೊಟ್ಟೆ ಒಡೆದಿರಬಾರದು. ಕೊಬ್ಬು ಹೆಚ್ಚಿರುವುದು ಚರ್ಮದಡಿಯಲ್ಲಿ ಮತ್ತು ಹೊಟ್ಟೆಯ ಅಂಚಿನಲ್ಲಿ, ಆದ್ದರಿಂದ ಹುರುಪೆ ತೆಗೆದರೆ ಸಾಕು, ಚರ್ಮ ಸುಲಿಯಬೇಡಿ. ಬಾಣಲೆ ತುಂಬ ಎಣ್ಣೆಯಲ್ಲಿ ಕರಿದರೆ ಮೀನಿನ ಕೊಬ್ಬು ಒಂದಷ್ಟು ಅದರೊಳಗೆ ಇಳಿದು ಹೋಗುತ್ತದೆ, ಕರಿದ ಎಣ್ಣೆ ಮೀನಿನೊಳಗೆ ಹೊಗುತ್ತದೆ. ಪುಳಿಮುಂಚಿಯಲ್ಲಿ ಹಾಗಲ್ಲ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತ್ಯ, ಕಾಳುಮೆಣಸು, ಅರಿಶಿನ, ಬೆಳ್ಳುಳ್ಳಿ, ಹುಣಸೆಹುಳಿ ಸೇರಿಸಿ ನುಣ್ಣಗೆ ರುಬ್ಬಿ, ಮಣ್ಣಿನ ಮಡಕೆಯಲ್ಲಿ ಕುದಿಸಿ, ಆಮೇಲೆ ಮೀನು ಇಳಿಸಬೇಕು. ಸೌಟು ಹಾಕಿದರೆ ಮೀನು ಮುರಿಯುತ್ತದೆ, ಮಡಕೆಯನ್ನೇ ಹಿಡಿದು ಮೆಲ್ಲಗೆ ತಿರುಗಿಸಬೇಕು. ಹತ್ತು ನಿಮಿಷದಲ್ಲಿ ಗಸಿಯ ಮೇಲೆ ಕೆಂಪೆಣ್ಣೆ ತೇಲುತ್ತದೆ. ಮೀನು ಬಿಟ್ಟ ಕೊಬ್ಬು ಅದರಲ್ಲಿದೆ, ಕುಚ್ಚಲಕ್ಕಿ ಅನ್ನಕ್ಕೆ ಕಲಸಿಕೊಂಡರೆ ಒಂದು ತೊಟ್ಟೂ ಹಾಳಾಗುವುದಿಲ್ಲ. ಮರುದಿನಕ್ಕೆ ಇದರ ರುಚಿ ಇನ್ನೂ ಏರುತ್ತದೆ.

ಮೀನು ತಿನ್ನದವರಿಗೆ ಉತ್ತರ ಕರ್ನಾಟಕದ ಅಗಸಿ ಹಿಂಡಿ ಇದೆ. ಅಗಸೆಯ ಒಮೇಗಾ-3 ಬೇರೆ ಬಗೆಯದು, ಮೀನಿನ ಬಗೆಯದಾಗಿ ದೇಹದಲ್ಲಿ ಬದಲಾಗುವುದು ಸ್ವಲ್ಪವೇ. ಆದರೂ ಜೋಳದ ರೊಟ್ಟಿಯೊಂದಿಗೆ ದಿನವೂ ತಿನ್ನುವಂಥದ್ದು. ಇಡೀ ಬೀಜ ಅರಗದೆ ಹೊರಬೀಳುವುದರಿಂದ ಹುರಿದು ಕುಟ್ಟಿಯೇ ತಿನ್ನಬೇಕು.

ಯೂರಿಕ್ ಆಮ್ಲ ಹೆಚ್ಚಿ ಗೌಟ್ ಬಂದವರು ಬೂತಾಯಿಯಿಂದ ದೂರವಿರಿ. ಇದರ ಪ್ಯೂರಿನ್ ನಿಮ್ಮ ನೋವು ಹೆಚ್ಚಿಸುತ್ತದೆ. ಉಳಿದವರು ಈ ಋತುವಿನಲ್ಲಿ ವಾರಕ್ಕೆರಡು ಸಲ, ದುಬಾರಿ ಅಂಜಲ್ ಬಿಟ್ಟು ಬೂತಾಯಿ ತನ್ನಿ, ಗಸಿಯಲ್ಲೇ ಬೇಯಿಸಿ.